ಅಡಿವೆಪ್ಪ ಟೀಮು ತೂಗಿದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಕತೆ ನನ್ನ ಹೊಟ್ಟೆಯಲ್ಲೇ ಇರಲಿ.

ಬೆಟಗೇರಿಯ ಮಗ್ಗದ ಓಣಿಯಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೆಟ್ಟವನಲ್ಲ ಮತ್ತೆ. ಹೇಳಿದ ಮಾತು ಒಂದಿನ ಮೀರಿದವನಲ್ಲ, ಅದೇ ಅವನ ರೋಗ. ನೀರು ತಾ ಅಂದರೆ ಬೊಗಸೆಯಲ್ಲಿ ತರುತ್ತಿದ್ದ, ಕೊಡ ಒಯ್ಯಿ ಅಂತ ಯಾರೂ ಹೇಳಿರಲಿಲ್ಲವಲ್ಲ. ಬೆಕ್ಕು ಬಂದರೆ ಓಡಿಸು ಅಂತ ಹೇಳಿ ಹೋದರೆ ಬೆಕ್ಕಿನ ದಾರಿ ಕಾಯುತ್ತ ಕೂರುತ್ತಿದ್ದ. ಅವನ ಕಣ್ಣೆದುರೇ ನಾಯಿ ಬಂದು ಹಾಲು ಕುಡಿದು, ಬಾಯಿ ನೆಕ್ಕಿಕೊಂಡು ಹೋಗುತ್ತಿತ್ತು.

ಅಪ್ಪ ಕಳಕಪ್ಪ ಇದ್ದಾಗ ಹೇಗೋ ನಡೆಯುತ್ತಿತ್ತು. ಅಪ್ಪ ನೇಯುತ್ತಿದ್ದ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಮಗ ನಡುವೆ ಕೂತು ನೋಡುತ್ತಿದ್ದ. ಒಂದು ವರ್ಷದ ಮಳೆಗಾಲದಲ್ಲಿ ಕಳಕಪ್ಪ ಜ್ವರ ಹಿಡಿದು ಮಲಗಿದವನು ಏಳಲಿಲ್ಲ. ಮಗ್ಗ ನಿಂತಿತು. ಮನೆಯಲ್ಲಿ ಸಪ್ಪಳವೇ ಇಲ್ಲದಂತಾಯಿತು.

ಈಗ ಕಳಕಪ್ಪನ ಹುಚ್ಚೊಂದನ್ನು ಹೇಳಬೇಕು. ಬೆಟಗೇರಿಯವರಿಗೆ ಹಾಕಿ ಅಂದರೆ ಜೀವ. ಚಳಿಗಾಲ ಬಂತೆಂದರೆ ಓಣಿ ಓಣಿಯ ಕ್ಲಬ್ಬುಗಳು ಮೈದಾನಕ್ಕಿಳಿಯುತ್ತವೆ. ಆಡಲು ಮೈಯಲ್ಲಿ ಕಸುವು ಉಳಿಯದವರು ಹುಸೇನಸಾಬನ ಚಹದ ಅಂಗಡಿಯ ಬೆಂಚಿನ ಮೇಲೆ ಕೂತು ಬೇರೆ ಒಂದು ಆಟ ಆಡುತ್ತಾರೆ. ಅದರ ಹೆಸರು ಮನಸಿನ ಟೀಮು. ಆ ಕ್ಲಬ್ಬಿನಿಂದ ಒಬ್ಬನನ್ನು ಆರಿಸು, ಈ ಕ್ಲಬ್ಬಿನಿಂದ ಒಬ್ಬನನ್ನು ಆರಿಸು, ಹನ್ನೊಂದು ಮಂದಿಯನ್ನು ಸೇರಿಸಿ ಇದು ನನ್ನ ಟೀಮು ಅನ್ನು. ಆ ಹನ್ನೊಂದು ಮಂದಿ ಒಂದೇ ಕಡೆ ನಿಂತು ಆಡುವುದು ಹುಟ್ಟಿದಾರಭ್ಯ ಇಲ್ಲ. ಆದರೆ ಅವರವರ ಕ್ಲಬ್ಬಿನಲ್ಲಿ ಅವರು ಗೋಲು ಹೊಡೆದರೆ ಅಂಕ ನಿನಗೆ, ಗೋಲು ತಡೆದರೂ ನಿನಗೆ. ಅಂಗಡಿಯ ಗೋಡೆಯ ಕರಿಹಲಗೆಯ ಮೇಲೆ ಎಲ್ಲರ ಟೀಮೂ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತದೆ.

ಇದಕ್ಕೊಂದು ಪದ್ಧತಿ ಉಂಟು. ಆಟ ಸುರುವಾಗುವ ಮುಂಚಿನ ಭಾನುವಾರ ಪ್ರತಿಯೊಬ್ಬನೂ ಎದ್ದು ನಿಂತು ತನ್ನ ಟೀಮು ತೂಗಬೇಕು. ಯಾರ ಕಾಲು ಚುರುಕಾಗಿದೆ, ಯಾರ ಉಸಿರು ಕಡಿಮೆಯಾಗಿದೆ, ಎಲ್ಲಿ ಆಸೆ, ಎಲ್ಲಿ ಅಂಜಿಕೆ, ನಾಲ್ಕು ಮಂದಿಯೆದುರು ಬಾಯಿಬಿಟ್ಟು ಹೇಳಬೇಕು. ತೂಗದವನಿಗೆ ಬೆಂಚಿನಲ್ಲಿ ಜಾಗವಿಲ್ಲ. ಈ ಕಟ್ಟಳೆ ಮಾಡಿದವನು ಬೇರೆ ಯಾರೂ ಅಲ್ಲ, ಕಳಕಪ್ಪನೇ.

ಒಂದಿನ ಹುಸೇನಸಾಬ ಮನೆಯ ತನಕ ಬಂದು ಹೊಸ್ತಿಲಲ್ಲಿ ನಿಂತ. "ಫಕೀರವ್ವಾ, ಕಳಕಪ್ಪನ ಟೀಮು ಹಲಗೀ ಮ್ಯಾಲೆ ಹಂಗ ಐತಿ. ಅಳಸಾಕ ಯಾರಿಗೂ ಕೈ ಬರವಲ್ದು. ನಿಮ್ಮ ಅಡಿವ್ಯಾ ಬಂದು ತೂಗಿದರ ಟೀಮೂ ಅವಂದ, ಬೆಂಚಿನ ಮ್ಯಾಲಿನ ಜಾಗಾನೂ ಅವಂದ" ಅಂದ.

ಫಕೀರವ್ವನಿಗೆ ಹಾಕಿ ಯಾಕೆ ಬೇಕು? ಆದರೆ ಆ ಬೆಂಚು ಬೇಕಾಗಿತ್ತು. ಹಗಲೆಲ್ಲ ನೂಲು ಸುತ್ತುತ್ತ ಅವಳ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ. ನಾನು ಇರುವ ತನಕ ಸರಿ, ನಾನು ಹೋದ ಮೇಲೆ ಇವನನ್ನು ಉಂಡಿಯೇನೋ ಅಂತ ಕೇಳುವವರು ಯಾರು? ಬೆಂಚಿನ ಮೇಲೆ ಒಂದು ಜಾಗ ಅಂತಿದ್ದರೆ, ಒಂದಿನ ಇವನು ಹೋಗದಿದ್ದರೆ ಎಲ್ಲಿದ್ದಾನೆ ಅಂತ ಯಾರಾದರೂ ತಿರುಗಿಯಾದರೂ ನೋಡುತ್ತಾರೆ. ನಾಲ್ಕು ಮಂದಿಯಲ್ಲಿ ಒಬ್ಬ ಅನ್ನಿಸಿಕೊಂಡರೆ ಸಾಕು. ಅಷ್ಟಕ್ಕಾಗಿ ಅವಳು ದೇವರಿಗೆ ಕೈ ಮುಗಿಯುತ್ತಿದ್ದಳು.

"ಅಡಿವ್ಯಾ, ತೂಗೂದಕ್ಕ ಮೊದಲ ಆಟಗಾರರು ಹೆಂಗದಾರ ಅನ್ನೂದು ಗೊತ್ತಿರಬೇಕು. ನಿಮ್ಮಪ್ಪನ ಗೋಲ್‌ಕೀಪರ ತಿಪ್ಪಣ್ಣನ ಮನಿಗೆ ಹೋಗು. ಹೆಂಗದಾನ ನೋಡಿ ಬಾ" ಅಂದಳು.

ಹೋದ. ಹೊತ್ತು ಮುಳುಗುವಾಗ ಬಂದ.

"ಹೆಂಗದಾನೋ?"

"ಚಲೋ ಅದಾನಬೇ. ಮಕ್ಕೊಂಡಾನ."

"ಎದ್ದ ಮ್ಯಾಲೆ?"

"ಏಳಲಿಲ್ಲ. ರಾತ್ರಿ ಪಾಳಿ ಮಾಡಿ ಬಂದಿದ್ದನಂತ. ನೋಡಿ ಬಾ ಅಂದಿದ್ದಿ, ಕಿಡಕ್ಯಾಗ ನಿಂತು ನೋಡಿದೆ. ಕಣ್ಣ ಪಿಳುಕಿಸಲಿಲ್ಲ ನೋಡು, ಹಂಗ ನೋಡಿದೆ."

ಫಕೀರವ್ವ ಹಣೆ ಬಡಿದುಕೊಂಡಳು. "ನೋಡಿ ಬಾ ಅಂದ್ರ ಮಕ್ಕೊಂಡವನ ಮಾರಿ ನೋಡೂದೇನೋ ನನ್ನ ಹಾಟ್ಯಾ? ಆಟಗಾರನ್ನ ನೋಡೂದಂದ್ರ ಪರೀಕ್ಷಾ ಮಾಡೂದು. ಚೆಂಡು ಒಯ್ಯಬೇಕು, ಬಾಗಲದಾಗ ನಿಂದ್ರಬೇಕು, ಏನೂ ಹೇಳದ ಒಗೀಬೇಕು. ಹಿಡದ್ರ ಗಟ್ಟಿ, ಬಿಟ್ರ ಪೊಳ್ಳು. ತಿಳೀತಿಲ್ಲೊ?"

"ತಿಳೀತಬೇ. ಬಾಗಲದಾಗ ನಿಂದ್ರೂದು, ಏನೂ ಹೇಳದ ಒಗಿಯೂದು."

ಮರುದಿನ ಅವನನ್ನು ಫಾರ್ವರ್ಡ್ ಆಡುವ ವಿರೂಪಾಕ್ಷನ ಮನೆಗೆ ಕಳಿಸಿದಳು. ಅಪ್ಪನ ಹಳೆಯ ಹಾಕಿ ಚೆಂಡು ಜೇಬಿಗಿಟ್ಟುಕೊಂಡು ಹೋದ. ಕಲ್ಲಿನಂಥ ಚೆಂಡು ಅದು.

ವಿರೂಪಾಕ್ಷನ ಮನೆಯಲ್ಲಿ ಆ ದಿನ ಅವನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕಂಬಳಿ ಹಾಸಿ ಕೂರಿಸಿದ್ದರು. ಹುಡುಗಿ ಮಂಡಕ್ಕಿ ಸುಸಲದ ತಾಟು ಹಿಡಿದು ಬಂದಿದ್ದಳು, ವಿರೂಪಾಕ್ಷ ಅವಳ ಹಿಂದೆ ಚಹದ ಕಪ್ಪುಗಳನ್ನು ಹಿಡಿದು ನಿಂತಿದ್ದ. ಎರಡೂ ಕೈ ತುಂಬಿದ್ದವು ಪಾಪ. ಅಡಿವೆಪ್ಪ ಬಾಗಿಲಲ್ಲಿ ನಿಂತ. ಏನೂ ಹೇಳಲಿಲ್ಲ. ಒಗೆದ.

ಚಹ ಗಂಡಿನ ಅಪ್ಪನ ಧೋತರದ ಮೇಲೆ, ಸುಸಲ ಗಂಡಿನ ತಲೆಯ ಮೇಲೆ, ಚೆಂಡು ದೇವರ ಮಾಡದಲ್ಲಿ. ವಿರೂಪಾಕ್ಷ ಬಾಯಿ ತೆರೆದು ನೋಡುತ್ತ ನಿಂತ. ಅಡಿವೆಪ್ಪ ಒಂದು ಗಳಿಗೆ ಕಾದ. ಯಾರೂ ಹಿಡಿಯಲಿಲ್ಲ. ತಿರುಗಿ ಮನೆಗೆ ಬಂದ.

"ಹೆಂಗದಾನೋ ವಿರೂಪಾಕ್ಷಿ?"

"ಪೊಳ್ಳು ಅದಾನಬೇ. ಬಿಟ್ಟ."

ಫಕೀರವ್ವ ಇನ್ನೂ ಒಂದು ಮಾತು ಕೇಳುವಷ್ಟರಲ್ಲಿ ಪಕ್ಕದ ಮನೆಯ ಹನಮವ್ವ ಒಳಗೆ ಬಂದಳು. ಖಾರ ಕುಟ್ಟುತ್ತಿದ್ದವಳು ಒನಕೆ ಬಿಟ್ಟು ಬಂದಿದ್ದಳು. "ಯವ್ವಾ ಫಕೀರವ್ವ, ನಿನ್ನ ಮಗ ವಿರೂಪಾಕ್ಷಿಯ ಮನ್ಯಾಗ ಏನ ಮಾಡ್ಯಾನ ಗೊತ್ತೈತೇನು? ಬೀಗರು ಎದ್ದು ಹೊಂಟಿದ್ರು. ವಿರೂಪಾಕ್ಷಿ ಕಾಲ ಹಿಡಕೊಂಡು ಕುಂದ್ರಿಸ್ಯಾನ. ಅವರವ್ವ ಬಸಲಿಂಗವ್ವ ಕಸಬರಿಗಿ ಹಿಡದು ಹಾದಿ ಕಾಯಾಕತ್ಯಾಳ."

ಫಕೀರವ್ವನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಾನೇ ಹೋಗಿ ಬಸಲಿಂಗವ್ವನ ಕೈಕಾಲು ಹಿಡಿದು ಬಂದಳು. ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಮೂಳಾ, ಮಂದಿ ಕೂಡಿದ ಮನಿಗೆ ಹ್ವಾದ್ರ ಚೆಂಡು ಒಗಿಯೂದಲ್ಲ. ಕೈ ಮುಗೀಬೇಕು, ಕುಂದ್ರಬೇಕು, ನಗಬೇಕು. 'ಭಾಳ ಚಲೋ ಆತು. ಮುಂದಿಂದೂ ಲಗೂನ ಆಗಲಿ. ನಾವೂ ಬಂದು ಉಂಡು ಹೋಗತೀವಿ' ಅನಬೇಕು. ಅನ್ನು ನೋಡೋಣ."

"ಭಾಳ ಚಲೋ ಆತು. ಮುಂದಿಂದೂ ಲಗೂನ ಆಗಲಿ. ನಾವೂ ಬಂದು ಉಂಡು ಹೋಗತೀವಿ."

"ಹಾಂ, ಹಂಗ."

ಇನ್ನು ಉಳಿದವನು ಸ್ಯಾಮುವೆಲ್. ಫುಲ್‌ಬ್ಯಾಕ್. ಕಳಕಪ್ಪನ ಟೀಮಿಗೆ ಅವನೇ ಬೆನ್ನೆಲುಬು. ಅವನಿದ್ದರೆ ಮಿಕ್ಕವರು ಪೊಳ್ಳಾದರೂ ನಡೆಯುತ್ತದೆ ಅಂತ ಕಳಕಪ್ಪ ಹೇಳುತ್ತಿದ್ದದ್ದು ಫಕೀರವ್ವನಿಗೂ ಗೊತ್ತಿತ್ತು. ಅಡಿವೆಪ್ಪ ಸ್ಯಾಮುವೆಲ್‌ನ ಮನೆಗೆ ಹೋದಾಗ ಅಲ್ಲಿಯೂ ಮಂದಿ ಕೂಡಿದ್ದರು. ಸ್ಯಾಮುವೆಲ್ ಹೊರಸಿನ ಮೇಲೆ ಮಲಗಿದ್ದ. ಹಿಂದಿನ ದಿನ ಅಭ್ಯಾಸದಲ್ಲಿ ಜಾರಿ ಬಿದ್ದು ತೊಡೆಯಿಂದ ಪಾದದ ತನಕ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಅವನ ತಾಯಿ ಮಾರ್ಥಮ್ಮ ತಲೆಯ ಹತ್ತಿರ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಡಿವೆಪ್ಪ ಕೈ ಮುಗಿದ. ಕೂತ. ನಕ್ಕ. "ಭಾಳ ಚಲೋ ಆತು. ಮುಂದಿಂದೂ ಲಗೂನ ಆಗಲಿ. ನಾವೂ ಬಂದು ಉಂಡು ಹೋಗತೀವಿ" ಅಂದ.

ಒಬ್ಬ ಎದ್ದು ಬಂದು ಅಡಿವೆಪ್ಪನ ಕೊರಳಪಟ್ಟಿ ಹಿಡಿದ. ಹೊರಸಿನ ಮೇಲಿನ ಸ್ಯಾಮುವೆಲ್ಲನೇ ಕೈಯೆತ್ತಿ ತಡೆದ. "ಬಿಡ್ರಿ, ಕಳಕಪ್ಪ ಕಾಕಾನ ಮಗ ಅಂವ. ಅಡಿವ್ಯಾ, ನಿಮ್ಮವ್ವಗ ಹೇಳು, ನನ್ನ ಮೊಣಕಾಲು ಹೋತು. ಈ ಸೀಜನ್ನಿಗೆ ನಾ ಇಲ್ಲ" ಅಂದ. ಅವನ ದನಿ ಕೂಡ ಅಳುವವರ ದನಿಯಾಗಿತ್ತು.

ಅಡಿವೆಪ್ಪ ಬಂದು ಅಷ್ಟನ್ನೂ ಹೇಳಿದ. ತಾನು ಅಂದದ್ದನ್ನೂ ಒಂದಕ್ಷರ ಬಿಡದೆ ಹೇಳಿದ.

ಫಕೀರವ್ವನ ಕೈಯಿಂದ ಕಂಡಿಕೆ ಜಾರಿತು. "ಅಯ್ಯ ನನ್ನ ದೈವವೇ. ಬ್ಯಾನಿ ಬಿದ್ದವರ ಮನ್ಯಾಗ ಉಂಡು ಹೋಗತೀವಿ ಅಂದ್ರ ಏನರ್ಥಾನೋ? ಅಂಥಲ್ಲಿ ತಲಿ ತಗ್ಗಿಸಿ ಕುಂದ್ರಬೇಕು. ಉಸರು ಬಿಡಬೇಕು. ಯಾರ ಏನ ಕೇಳಿದ್ರೂ 'ಏನ ಮಾಡೂದು, ದೇವರು ಇಟ್ಟಂಗ ಇರೂದು' ಅನಬೇಕು. ಹೆಚ್ಚಿಗಿ ಒಂದು ಮಾತು ಆಡಬಾರದು."

"ಮಾರ್ಥಮ್ಮನ ಮನಿಗೆ ಮತ್ತ ಹೋಗಿ ಅಂದು ಬರಲೇನಬೇ?"

"ಬ್ಯಾಡೋ ಯಪ್ಪಾ. ಇನ್ನ ಎಲ್ಲೂ ಹೋಗಬ್ಯಾಡ."

ಆದರೆ ಭಾನುವಾರ ಬಿಡುತ್ತದೆಯೇ? ಬಂತು. ಫಕೀರವ್ವ ಮಗನಿಗೆ ನೀರೆರೆದಳು. ಕಳಕಪ್ಪನ ಅಂಗಿಯನ್ನು ಒಗೆದು ಮಡಚಿಟ್ಟಿದ್ದಳು, ಅದನ್ನೇ ಹಾಕಿಸಿದಳು. ಭುಜದ ಹತ್ತಿರ ಸಡಿಲಾಯಿತು. ತಾನು ಹುಸೇನಸಾಬನ ಅಂಗಡಿಯ ಗೋಡೆಯ ಈಚೆ, ಕಟ್ಟಿಗೆಯ ಒಟ್ಟಿಲ ಮರೆಯಲ್ಲಿ ನಿಂತಳು. ಗಂಡಸರ ಬೆಂಚಿನ ಹತ್ತಿರ ಹೆಂಗಸು ಹೋಗುವ ಪದ್ಧತಿಯಿಲ್ಲ, ಕಿವಿಗೆ ಯಾವ ಕಟ್ಟಳೆಯೂ ಇಲ್ಲ.

ಒಬ್ಬೊಬ್ಬರೇ ಎದ್ದು ತೂಗಿದರು. ನಮ್ಮ ಟೀಮಿಗೆ ಎಡಗಡೆ ಸೊರಗೈತಿ, ಬಲಗಡೆ ಬಿರುಸೈತಿ, ಹಬ್ಬ ಆದ ಮ್ಯಾಲೆ ನೋಡ್ರಿ ಅಂದರು. ನಕ್ಕರು, ಜಗಳಾಡಿದರು, ಚಹ ಕುಡಿದರು. ಕಡೆಗೆ ಹಲಗೆ ಬರೆಯುವ ಗುಡಿಮನಿ ಮಾಸ್ತರರು ಕರೆದರು. "ಕಳಕಪ್ಪನ ಟೀಮು. ಅಡಿವೆಪ್ಪ, ತೂಗಪಾ."

ಅಡಿವೆಪ್ಪ ಹಲಗೆಯ ಮೇಲೆ ಅಪ್ಪನ ಹೆಸರು ನೋಡಿದ. ಸ್ಯಾಮುವೆಲ್‌ನ ಹೆಸರು ನೋಡಿದ. ತಲೆ ತಗ್ಗಿಸಿದ. ಉಸಿರು ಬಿಟ್ಟ.

"ಗೋಲ್‌ಕೀಪರ ಹೆಂಗದಾನಪಾ?" ಮಾಸ್ತರರು ಕೇಳಿದರು.

"ಏನ ಮಾಡೂದು. ದೇವರು ಇಟ್ಟಂಗ ಇರೂದು."

ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು.

"ಫಾರ್ವರ್ಡ?"

"ಏನ ಮಾಡೂದು. ದೇವರು ಇಟ್ಟಂಗ ಇರೂದು."

"ಸ್ಯಾಮುವೆಲ್ ಬಿದ್ದಾನಲ್ಲ, ಅವನ ಬದಲಿ ಯಾರನ್ನ ಹಿಡೀತಿ?"

"ಏನ ಮಾಡೂದು. ದೇವರು ಇಟ್ಟಂಗ ಇರೂದು."

ಈ ಸಲ ಯಾರೂ ನಗಲಿಲ್ಲ. ಅಂಗಡಿ ದುಃಖದ ಮನೆಯಂತಾಯಿತು. ಒಬ್ಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹುಸೇನಸಾಬ ಕಪ್ಪು ಒರೆಸುವ ಅರಿವೆಯಲ್ಲೇ ಕಣ್ಣು ಒರೆಸಿಕೊಂಡ. ಎಲ್ಲರಿಗೂ ಕಳಕಪ್ಪ ನೆನಪಾದ. ಒಟ್ಟಿಲ ಹಿಂದೆ ನಿಂತ ಫಕೀರವ್ವ, ಇಷ್ಟು ಮಂದಿಯ ಕಣ್ಣಲ್ಲಿ ನೀರು ಬಂತಲ್ಲ, ಇನ್ನು ಜಾಗ ಕೊಟ್ಟೇ ಕೊಡುತ್ತಾರೆ ಅಂದುಕೊಂಡಳು.

"ಇರಲಿ ಬಿಡ್ರಿ ಮಾಸ್ತರ, ಕುಂದ್ರಲಿ" ಅಂದ ಹುಸೇನಸಾಬ.

ಗುಡಿಮನಿ ಮಾಸ್ತರರು ಹಲಗೆಯ ಕಡೆ ತಿರುಗಿದರು. "ತೂಗದವಗ ಬೆಂಚಿಲ್ಲ ಅಂದಾಂವ ಕಳಕಪ್ಪ. ಇದ್ದಿದ್ರ ಅವನ್ನ ಕೇಳಿ ಕಟ್ಟಳಿ ಮುರೀಬಹುದಿತ್ತು. ಸತ್ತವನ ಮಾತು ಹೆಂಗ ಮುರಿಯೂದು ಸಾಬ?" ಅಂದರು. ಮಾಸ್ತರರು ಒದ್ದೆ ಅರಿವೆ ತೆಗೆದುಕೊಂಡು ಹಲಗೆ ಒರೆಸಿದರು. ಕಳಕಪ್ಪ ಹೋದ, ತಿಪ್ಪಣ್ಣ ಹೋದ, ಸ್ಯಾಮುವೆಲ್ ಹೋದ.

ತಾಯಿ ಮುಂದೆ, ಮಗ ಹಿಂದೆ, ಮನೆಗೆ ಬಂದರು. ಹೊಸ್ತಿಲು ದಾಟಿದ್ದೇ ಫಕೀರವ್ವ ತಡೆದಿಟ್ಟದ್ದನ್ನೆಲ್ಲ ಸುರಿದಳು.

"ನಿನ್ನ ಬಾಯಾಗ ಮಣ್ಣ ಹಾಕ. ಮಾರ್ಥಮ್ಮನ ಮನ್ಯಾಗ ಆಡೂ ಮಾತು ಬೆಂಚಿನ ಮುಂದ ಆಡತಾರೇನೋ? ತೂಗೂದಂದ್ರ ಉಸರು ಬಿಡೂದಲ್ಲ. ಮೊಣಕಾಲು ಹೋದಾಂವ ಎಷ್ಟ ಬೇಕಾದವನಿರಲಿ, ಅವನ್ನ ಹೊರಗ ಕುಂದ್ರಸಬೇಕು. ಅವನ ಜಾಗಾಕ್ಕ ಗಟ್ಟಿ ಇದ್ದವರನ್ನ ಹುಡಕಬೇಕು. ಒಬ್ಬರ ಕಡೆ ಎಲ್ಲಾ ಇರೂದಿಲ್ಲ. ಆ ಮನ್ಯಾಗಿಂದ ಒಬ್ಬರು, ಈ ಮನ್ಯಾಗಿಂದ ಒಬ್ಬರು, ಯಾರಿಗೆ ಏನ ಬರತೈತಿ ಅದಕ್ಕ ಅವರನ್ನ ಹಿಡೀಬೇಕು. ಸೀಜನ್ ಸುರುವಾದ ಮ್ಯಾಲೆ ಅತ್ತರ ಏನ ಬಂತು? ಮೊದಲ ನೋಡಬೇಕು, ಮೊದಲ ಹೇಳಬೇಕು, ಬಾಯಿ ಬಿಟ್ಟು ಹೇಳಬೇಕು. ಇಷ್ಟ ನೀ ಅಂದಿದ್ರ ಬೆಂಚು ನಿಂದಾಗಿರತಿತ್ತಲ್ಲೋ. ಇನ್ನ ನಿನಗ ಯಾರದಾರೋ ನನ್ನ ಕಂದಾ?"

ಅಡಿವೆಪ್ಪ ಬಾಯಲ್ಲೇ ಒಮ್ಮೆ ಹೇಳಿಕೊಂಡ. ಮೊಣಕಾಲು ಹೋದವರು ಹೊರಗೆ. ಒಬ್ಬರ ಕಡೆ ಎಲ್ಲ ಇರುವುದಿಲ್ಲ. ಆ ಮನೆಯಿಂದ ಒಬ್ಬರು, ಈ ಮನೆಯಿಂದ ಒಬ್ಬರು.

ಫಕೀರವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪದ್ಧತಿ ಹಾಳಾಗಲಿ, ನಾನೇ ಹೋಗಿ ಹುಸೇನಸಾಬನ ಎದುರು ಸೆರಗೊಡ್ಡುತ್ತೇನೆ ಅಂತ ತಿರುಗಿ ಹೊರಟಳು. ಹೊಸ್ತಿಲ ಆಚೆ ಒಂದು ಕಾಲಿಟ್ಟಳು. ಇನ್ನೊಂದು ಎತ್ತುವಾಗ ಮೊಣಕಾಲು ಕಟ್ಟೆಂದಿತು. ಗೋಡೆ ಹಿಡಿದು ಹಾಗೇ ಕುಸಿದು ಕಟ್ಟೆಯ ಮೇಲೆ ಕೂತಳು. ಏಳಲು ನೋಡಿದಳು, ಆಗಲಿಲ್ಲ. ಮತ್ತೊಮ್ಮೆ ನೋಡಿದಳು, ಆಗಲಿಲ್ಲ.

ಅಡಿವೆಪ್ಪ ಬಗ್ಗಿ ಅವ್ವನ ಮೊಣಕಾಲು ನೋಡಿದ. ಅವ್ವನ ಮುಖ ನೋಡಿದ. ಇಳಿದು ಹನಮವ್ವನ ಬಾಗಿಲಿಗೆ ಹೋದ.

"ಹನಮವ್ವಾ, ನಮ್ಮವ್ವನ ಮೊಣಕಾಲು ಹೋತು. ಈ ಸೀಜನ್ ದಾಟೂದಿಲ್ಲ. ನೀ ನನಗ ಅವ್ವ ಆಗತಿಯೇನು?"

ಕಟ್ಟೆಯ ಮೇಲೆ ಕೂತ ಫಕೀರವ್ವನಿಗೆ ಎಲ್ಲ ಕೇಳಿಸಿತು.

"ಏನಂದಿ?" ಹನಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಎಲ್ಲಾದಕ್ಕೂ ಅಲ್ಲ. ರೊಟ್ಟಿಗೆ ಅಷ್ಟ. ನಿನ್ನ ಕೈ ಗಟ್ಟಿ. ರೊಟ್ಟಿ ದಪ್ಪ ಮಾಡತಿ, ನಡೀತೈತಿ."

ಹನಮವ್ವ ಅವನನ್ನು ನೋಡಿದಳು, ಕಟ್ಟೆಯ ಮೇಲೆ ಕೂತವಳನ್ನು ನೋಡಿದಳು. "ಆತು ತಗೋ, ಆಗತೇನಿ" ಅಂದಳು.

ಅಲ್ಲಿಂದ ಬಸಲಿಂಗವ್ವನ ಬಾಗಿಲು. ಕಸಬರಿಗೆ ಇನ್ನೂ ಮೂಲೆಯಲ್ಲೇ ಇತ್ತು. "ಬಸಲಿಂಗವ್ವಾ, ನಿನಗ ಸಿಟ್ಟು ಭಾಳ. ಮಂದಿ ನನ್ನ ಹೊಡ್ಯಾಕ ಬಂದ್ರ ಅಡ್ಡ ನಿಂದ್ರಾಕ ನಿನ್ನಂಥಾಕಿ ಬೇಕು. ಫುಲ್‌ಬ್ಯಾಕಿಗೆ ನೀ ಆಗತಿಯೇನು?" ಬಸಲಿಂಗವ್ವ ಬೈಯಬೇಕೆಂದು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಆಮೇಲೆ ಹೂಂ ಅಂದಳು. ಅಲ್ಲಿಂದ ಮಾರ್ಥಮ್ಮ. "ನೀ ಅಳತಿ. ಆದರ ಜ್ವರ ಬಂದವರ ತಲಿ ಹಂತ್ಯಾಕ ನಿನ್ನಂಗ ಕುಂದ್ರಾಕ ಓಣ್ಯಾಗ ಯಾರಿಗೂ ಬರೂದಿಲ್ಲ." ಮಾರ್ಥಮ್ಮ ಅಳುತ್ತಲೇ ಹೂಂ ಅಂದಳು. ಹಾಗೇ ಓಣಿಯ ಆ ತುದಿಯ ತನಕ ಹೋದ. ಕೂದಲು ಕತ್ತರಿಸಲು ಕರೆದೊಯ್ಯುವವಳೊಬ್ಬಳು, ಹಬ್ಬಕ್ಕೆ ಎರೆಯುವವಳೊಬ್ಬಳು, ಸಂಜೆ ದೀಪ ಹಚ್ಚಿ ಒಳಗೆ ಬಾ ಅನ್ನುವವಳೊಬ್ಬಳು. ಒಬ್ಬೊಬ್ಬರ ಗುಣವನ್ನೂ ಕೊರತೆಯನ್ನೂ ಬಾಯಿ ಬಿಟ್ಟು ಹೇಳಿದ. ಬೆಂಚಿನ ಮುಂದೆ ಯಾರೂ ಅಷ್ಟು ನೇರವಾಗಿ ತೂಗಿರಲಿಲ್ಲ. ಫಕೀರವ್ವ ಕಟ್ಟೆಯ ಮೇಲೆ ಕೂತು ಒಂದೊಂದು ಹೂಂ ಕೇಳಿಸಿಕೊಂಡಳು. ಬದುಕಿದ್ದಾಗಲೇ ತನ್ನ ಕೆಲಸಗಳೆಲ್ಲ ಒಂದೊಂದಾಗಿ ಮಂದಿಯ ಮನೆಗೆ ಹೋಗುವುದನ್ನು ನೋಡಿದಳು. ಎದೆ ಹಗುರಾಯಿತೋ ಹರಿಯಿತೋ ಅವಳಿಗೇ ತಿಳಿಯಲಿಲ್ಲ. ಅತ್ತಳು.

ಹೊತ್ತಿಳಿಯುವಾಗ ಅಡಿವೆಪ್ಪ ತಿರುಗಿ ಬಂದ. ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತ. ಎಲ್ಲೋ ಒಂದು ಕಡೆ ಕೆಲಸ ಕೈಗೂಡದವನಂತೆ ಮುಖ ಬಾಡಿತ್ತು.

"ಅವ್ವಾ, ನಿನ್ನ ಹೊರಗ ಕುಂದ್ರಸೇನಿ. ಇನ್ನ ನೀ ಏನೂ ಮಾಡೂದು ಬ್ಯಾಡ. ಟೀಮು ತುಂಬೇತಿ. ಒಂದ ಜಾಗಾ ಉಳದೈತಿ."

"ಯಾವುದೋ?" ಫಕೀರವ್ವ ಕೇಳಿದಳು.

"ಬೈಯಾಕಿಂದು. ಓಣಿ ತುಂಬ ಕೇಳಿದೆ. ಬೈದು ತೋರಸ್ರಿ ಅಂದೆ. ಒಬ್ಬಾಕಿಗೂ ಬಾಯಿ ಬರಲಿಲ್ಲಬೇ, ಎಲ್ಲಾರೂ ಕಣ್ಣೀರ ಹಾಕತಾರ." ಅವನು ಅವ್ವನ ಮೊಣಕಾಲಿನ ಮೇಲೆ ಕೈಯಿಟ್ಟ. "ಅದೊಂದನ್ನ ನೀನ ಆಡಬೇಕು. ಅದಕ್ಕ ಮೊಣಕಾಲು ಬೇಕಾಗೂದಿಲ್ಲ. ಕುಂತ ಬೈಬಹುದು."

ಹೀಗಂದು ತಲೆ ತಗ್ಗಿಸಿ, ಬೈಸಿಕೊಳ್ಳಲು ಸಿದ್ಧನಾಗಿ ಕೂತ. ಫಕೀರವ್ವ ಕೂತಲ್ಲಿಂದಲೇ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಹತ್ತಿರ ಎಳೆದುಕೊಂಡಳು. ಬಾಯಿ ತೆರೆದಳು. ಅವಳಿಗೂ ಬೈಯಲು ಬರಲಿಲ್ಲ.